ಗೂಡು ಅಲ್ಲೇ ಇರಲಿ, ಚೀಟಿ ಓಡಾಡಲಿ: ಸಿ ಭಾಷೆಯ ಸ್ಟ್ರಕ್ಚರ್ ಮತ್ತು ಪಾಯಿಂಟರ್

ಇಂಟರ್ನಲ್ಸ್ ಹತ್ರ ಬಂತು ಅಂದ್ರೆ ಹಾಸ್ಟೆಲಲ್ಲಿ ಒಂದೇ ಗೋಳು: ‘ಸ್ಟ್ರಕ್ಚರ್ ಅರ್ಥ ಆಯ್ತು, ಪಾಯಿಂಟರೂ ಆಯ್ತು, ಎರಡೂ ಸೇರಿದ್ರೆ ತಲೆ ಕೆಡುತ್ತೆ.’ ನಮ್ಮ ಜಿಲ್ಲೆಯ ಉದಾಹರಣೆಯಲ್ಲೇ ನೋಡೋಣ.

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ಲಾಟ್ ಲೆಕ್ಕದಲ್ಲಿ ಹರಾಜಾಗುತ್ತೆ. ಪ್ರೋಗ್ರಾಮಲ್ಲಿ ಒಂದು ಲಾಟಿಗೆ ಏನೇನು ಬೇಕು? ನಂಬರ್ (ಇಂಟ್), ರೈತರ ಹೆಸರು (60ರ ಕ್ಯಾರ್ ಅರೇ), ತಾಲ್ಲೂಕು (20ರ ಕ್ಯಾರ್ ಅರೇ), ತೂಕ, ದರ (ಫ್ಲೋಟ್). ಬೇರೆ ಬೇರೆ ಜಾತಿಯ ಈ ಐದನ್ನೂ ಒಂದೇ ಹೆಸರಲ್ಲಿ ಕಟ್ಟಿದ ಗಂಟೇ ಸ್ಟ್ರಕ್ಚರ್. ಇದು ಸಣ್ಣ ಸೌಕರ್ಯ ಅಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಗೆ ಸ್ಟ್ರಕ್ಚರ್ ಸೇರಿಸಿದ ಮೇಲೆಯೇ, 1973ರಲ್ಲಿ, ಯುನಿಕ್ಸ್ ಕರ್ನಲ್ ಸಿಯಲ್ಲಿ ಬರೆಯೋಕೆ ಆಗಿದ್ದು.

ಈಗ ದರ ತುಂಬುವ ಫಂಕ್ಷನ್. ಲಾಟನ್ನೇ ನೇರವಾಗಿ ಕಳಿಸಿದ್ರೆ ಫಂಕ್ಷನ್ ಕೈಗೆ ಸಿಗೋದು ಇಡೀ ಗಂಟಿನ ನಕಲು. ಒಳಗೆ ದರ 450 ಅಂತ ಬರೆದ್ರೂ ಅದು ನಕಲಿನ ಮೇಲೆ. ಮೇನ್‌ಗೆ ಬಂದು ಪ್ರಿಂಟ್ ಮಾಡಿದ್ರೆ ಹಳೇ ಸೊನ್ನೆ! ಕಂಪೈಲರ್ ಎರರ್ ಕೊಡಲ್ಲ. ಅದಕ್ಕೇ &ಲಾಟ್ ಅಂತ ವಿಳಾಸ ಕಳಿಸಬೇಕು. ಆ ವಿಳಾಸ ಹಿಡಿದ ಪಾಯಿಂಟರ್ ‘ಪಿ’ ಆದ್ರೆ, (*ಪಿ).ದರ ಅಂತ ಬರೀಬಹುದು. ಕಂಸ ಬಿಟ್ಟರೆ ಚುಕ್ಕೆ ಮೊದಲು ಕೆಲಸ ಮಾಡಿ ಎಡವಟ್ಟು. ಪಿ->ದರ ಅಂದ್ರೂ ಅದೇ ಅರ್ಥ, ಬರೆಯೋಕೂ ಸುಲಭ. ವೈವಾದಲ್ಲಿ ಕೇಳೋದೂ ಇದನ್ನೇ.

ದರದ ಪ್ರಕಾರ ಸಾರ್ಟ್ ಮಾಡುವಾಗ ಪಾಯಿಂಟರ್ ಬೆಲೆ ಗೊತ್ತಾಗುತ್ತೆ. ನಮ್ಮ ಒಂದು ಲಾಟ್ 92 ಬೈಟ್, 64 ಬಿಟ್ ಯಂತ್ರದಲ್ಲಿ ಪಾಯಿಂಟರ್ ಬರೀ 8. ದರ ಗೊತ್ತಾಯ್ತು ಅಂತ ಗೂಡಿನ ರಾಶಿಯನ್ನೇ ಯಾರೂ ಆಚೀಚೆ ಹೊರಲ್ಲ, ಲಾಟ್ ನಂಬರಿನ ಚೀಟಿ ಜೋಡಿಸಿದ್ರೆ ಸಾಕು. ಹಾಗೇ ಪಾಯಿಂಟರ್‌ಗಳ ಅರೇ ಮಾಡಿ, ಅವನ್ನಷ್ಟೇ ಅದಲುಬದಲು ಮಾಡಿ.

ಆದ್ರೆ ಚೀಟಿಗೆ ಜಾಗ ಗೊತ್ತು, ಅಳತೆ ಗೊತ್ತಿಲ್ಲ. ಸ್ಟ್ರ್‌ಕಾಪಿಗೆ ಪಿ->ತಾಲ್ಲೂಕು ಕೊಟ್ಟಾಗ ಹೋಗೋದು ಅರೇ ಶುರುವಾಗುವ ವಿಳಾಸ ಮಾತ್ರ. 20 ಅನ್ನೋದು ಹೋಗಲ್ಲ. ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಗೌರಿಬಿದನೂರು 12 ಅಕ್ಷರ, ಆರಾಮಾಗಿ ಹಿಡಿಸುತ್ತೆ. ಕನ್ನಡದಲ್ಲಿ ಬರೆದು ನೋಡಿ: ಯುಟಿಎಫ್-8ರಲ್ಲಿ ಗುಣಿತ ಚಿಹ್ನೆ, ಒತ್ತಿಗೆ ಬೇಕಾದ ಹಲಂತ ಎಲ್ಲವೂ ಮೂರು ಮೂರು ಬೈಟ್. ಚಿಂತಾಮಣಿ 24, ಶಿಡ್ಲಘಟ್ಟ 27, ಗೌರಿಬಿದನೂರು 33, ಚಿಕ್ಕಬಳ್ಳಾಪುರ 39. ನಾಲ್ಕೂ ಹಿಡಿಸಲ್ಲ! ಉಕ್ಕಿದ್ದು ಪಕ್ಕದಲ್ಲಿರುವ ತೂಕದ ಮೇಲೆ ಬೀಳಬಹುದು. ತಾಲ್ಲೂಕಿನ ಹೆಸರು ಸರಿ, ರೈತರ ತೂಕ ಹಾಳು.

ಅರೇ 40ಕ್ಕೆ ಏರಿಸಿದ್ರೆ ಕೊನೆಯ ಶೂನ್ಯ ಸೇರಿ ಚಿಕ್ಕಬಳ್ಳಾಪುರ ಅಳತೆ ಹೊಲಿಸಿದಂಗೆ ಕೂರುತ್ತೆ. ‘ಚಿಕ್ಕಬಳ್ಳಾಪುರ ತಾಲ್ಲೂಕು’ ಅಂತ ಯಾರಾದ್ರೂ ಟೈಪ್ ಮಾಡಿದ್ರೆ ಅದೂ ಸಾಲದು. ಹಾಗಾಗಿ ಸ್ಟ್ರ್‌ಕಾಪಿ ಬಿಟ್ಟು, ಅಳತೆ ಕೇಳುವ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ, ಸೈಜ್‌ಆಫ್ ಕೊಡಿ. ಹೆಚ್ಚೆಂದರೆ ಹೆಸರಿನ ಬಾಲ ಕತ್ತರಿಸುತ್ತೆ, ತೂಕದ ತಂಟೆಗೆ ಹೋಗಲ್ಲ.