ನಿಮಗಿದು ಗೊತ್ತೆ? ಕುದುರೆಗೆ ಹೊಡೆದರೆ ದಂಡ 50 ರೂಪಾಯಿ!

ಶರ್ಯತ್ತಿನ ಭರದಲ್ಲಿ ಕುದುರೆಗೆ ಬಾಸುಂಡೆ ಏಳುವಂತೆ ಬಾರಿಸಿದವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬರೆದಿಟ್ಟ ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ!

ಸಂಪಗಾಂವ, ಸವದತ್ತಿ ಸೀಮೆಯವರಿಗೆ ಎತ್ತಿನ ಗಾಡಿ ಶರ್ಯತ್ತು ಹೊಸದಲ್ಲ. ಅದಕ್ಕೂ ಕಂಬಳಕ್ಕೂ ಕರ್ನಾಟಕ ಇದೇ ಕಾಯ್ದೆಗೆ ತಂದ 2017ರ ತಿದ್ದುಪಡಿಯಲ್ಲಿ ವಿನಾಯಿತಿ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯಲ್ಲಿ ಕುದುರೆಯ ಹೆಸರಿಲ್ಲ.

ಕುದುರೆ ಬಾಯಿಂದ ಉಸಿರಾಡಲಾರದು. ಎಷ್ಟೇ ದಣಿದರೂ ಮೂಗೇ ಗತಿ. ಡಾಂಬರು ರಸ್ತೆಯ ಓಟದಲ್ಲಿ ಗೊರಸು, ಕೀಲುಗಳಿಗೂ ಪೆಟ್ಟು. ಅಷ್ಟು ನೋವಿಗೆ ಈ ದಂಡ ತೀರಾ ಕಡಿಮೆ. ಮೂರು ವರ್ಷದೊಳಗೆ ಮತ್ತೆ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.