ಯಾತ್ರಾ ವಾಹನದಲ್ಲಿ ಗಾಳಿಸಿದ ನೀರು

ಶ್ರಾವಕರ ಅಡಿಗೆಮನೆಯಲ್ಲಿ ನೀರು ಗಾಳಿಸುವ ಬಟ್ಟೆ ಇದ್ದೇ ಇರುತ್ತದೆ. ಆದರೆ ಊರು ಬಿಟ್ಟು ಹೊರಟೊಡನೆ ಈ ನೇಮ ಸಡಿಲವಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಿಂದಿನವರು ಯಾತ್ರೆಗೆ ಹೊರಡುವಾಗ ತಂಬಿಗೆ, ಹಗ್ಗ, ಬಟ್ಟೆ ಮೂರನ್ನೂ ಗಂಟಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಈಗ ಒಲೆ, ಹಾಸಿಗೆ, ನೀರಿನ ಟ್ಯಾಂಕು ಸಮೇತ ವಾಹನದಲ್ಲಿಯೇ ಹೋಗುವ ಅನುಕೂಲ ಬಂದಿದೆ. ಇಂಥ ಕ್ಯಾರವಾನ್ ಪ್ರವಾಸಕ್ಕಾಗಿ ಕೇರಳ ಸರ್ಕಾರ 2021ರಲ್ಲಿ ಒಂದು ನೀತಿಯನ್ನೇ ಪ್ರಕಟಿಸಿತು. ನಮ್ಮ ಮದುಕ್ಕರೈ ಕೊಯಮತ್ತೂರಿನಿಂದ ಪಾಲಕ್ಕಾಡಿಗೆ ಹೋಗುವ ಹಾದಿಯಲ್ಲಿರುವುದರಿಂದ ಇಂಥ ವಾಹನಗಳು ಆಗಾಗ ಕಣ್ಣಿಗೆ ಬೀಳುತ್ತವೆ. ನಮ್ಮ ಕುಟುಂಬವೂ ಹತ್ತು ಜನ ಹೋಗುವ ಟೆಂಪೋ ಟ್ರಾವೆಲರಿಗೆ ನೀರಿನ ಫಿಲ್ಟರ್ ಹಾಕಿಸಿದೆ. ಅದರಿಂದ ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದಿಡುತ್ತೇವೆ.

ಫಿಲ್ಟರ್ ಹಾಕಿಸಲು ಕಾರಣವಿದೆ. ನಮ್ಮ ಅಕ್ಕನವರಿಗೆ ಎಪ್ಪತ್ತು ದಾಟಿದೆ. ಗಾಳಿಸದ ನೀರು ಮುಟ್ಟುವುದಿಲ್ಲವೆಂಬ ವ್ರತ ಅವರದು. ಒಮ್ಮೆ ಸತ್ಯಮಂಗಲ, ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಚಾಮರಾಜನಗರದ ಕಡೆಗೆ ಹೋಗುತ್ತಿದ್ದೆವು. ಕನಕಗಿರಿ, ಅಲ್ಲಿಂದ ಶ್ರವಣಬೆಳಗೊಳ ನಮ್ಮ ಗುರಿ. ಅಂಗಡಿಯ ಬಾಟಲಿ ನೀರನ್ನು ಅಕ್ಕ ಒಲ್ಲೆನೆಂದರು. ಕೊಂಡೊಯ್ದ ಕಾಯಿಸಿದ ನೀರು ಮುಗಿದಿತ್ತು. ಬಿಸಿಲಿನಲ್ಲಿ ತಲೆಸುತ್ತು ಬಂದು ಕಡೆಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯಿತು. “ಇನ್ನು ನನ್ನನ್ನು ಯಾತ್ರೆಗೆ ಕರೆಯಬೇಡ ತಮ್ಮಾ” ಎಂದು ಅವರು ಹೇಳಿದಾಗ ಮನೆಯವರೆಲ್ಲರಿಗೂ ಸಂಕಟವಾಯಿತು. ವ್ರತವೂ ಉಳಿಯಬೇಕು, ಆರೋಗ್ಯವೂ ಉಳಿಯಬೇಕು. ಅದಕ್ಕೆ ದಾರಿ ಹುಡುಕಿದೆವು.

ಮೊದಲು ಒಂದು ವಿಷಯ ಸ್ಪಷ್ಟವಿರಲಿ. ಬಟ್ಟೆ ಮತ್ತು ಫಿಲ್ಟರಿನ ಕೆಲಸ ಬೇರೆ ಬೇರೆ. ಬಟ್ಟೆಯಲ್ಲಿ ಗಾಳಿಸುವುದು ನೀರಿನಲ್ಲಿರುವ ಜೀವಗಳ ರಕ್ಷಣೆಗಾಗಿ. 36 ಅಂಗುಲ ಉದ್ದ, 24 ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಗಾಳಿಸಬೇಕು, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಅದೇ ನೀರಿನ ನೆಲೆಗೆ ಮೆಲ್ಲನೆ ಬಿಡಬೇಕು ಎಂಬುದು ನಮ್ಮ ಹಿರಿಯರ ಪದ್ಧತಿ. ಫಿಲ್ಟರಿನಲ್ಲಿ ಸಿಕ್ಕಿದ್ದು ಅಲ್ಲೇ ಉಳಿಯುತ್ತದೆ, ಕಡೆಗೆ ಕಾರ್ಟ್ರಿಜ್ಜಿನ ಜೊತೆ ಕಸಕ್ಕೆ ಹೋಗುತ್ತದೆ. ಆದ್ದರಿಂದ “ಫಿಲ್ಟರ್ ಇದೆ, ಬಟ್ಟೆ ಏಕೆ?” ಎಂದು ಮಕ್ಕಳು ಕೇಳಿದರೆ ಈ ಉತ್ತರ ಕೊಡಬಹುದು. “ಬಟ್ಟೆ ಇದೆ, ಫಿಲ್ಟರ್ ಏಕೆ?” ಎಂದು ಹಿರಿಯರು ಕೇಳಿದರೆ, ರೋಗ ತರುವ ಬಹಳಷ್ಟು ಕ್ರಿಮಿಗಳು ಬಟ್ಟೆಯ ಕಣ್ಣಿಗಿಂತ ಎಷ್ಟೋ ಸಣ್ಣವು ಎಂದು ತಿಳಿಸಬೇಕು.

ಹಾಗೆಂದು ಬಟ್ಟೆಯನ್ನು ಹಗುರವಾಗಿ ಎಣಿಸಬಾರದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರ ಮಡಚಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಕಡಿಮೆಯಾಯಿತೆಂದು ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾ ಕ್ರಿಮಿಗಳು ನೀರಿನಲ್ಲಿರುವ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತವೆ. ಅವು ಬಟ್ಟೆಯಲ್ಲಿ ನಿಂತಾಗ ಕ್ರಿಮಿಯೂ ನಿಲ್ಲುತ್ತದೆ.

ಇನ್ನು ಆಯ್ಕೆಯ ವಿಚಾರ. ಅಂಗಡಿಗೆ ಹೋದರೆ ಮೊದಲು ಆರ್.ಓ. ಯಂತ್ರವನ್ನೇ ತೋರಿಸುತ್ತಾರೆ. ಮದುಕ್ಕರೈ ಸುಣ್ಣಕಲ್ಲಿನ ನೆಲ. ಇಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಅದೇ ಕಲ್ಲಿನಿಂದ. ಇಂಥ ನೆಲದ ಗಡಸು ನೀರು ಕಾಯಿಸಿದರೆ ಪಾತ್ರೆಗೆ ಬಿಳಿಯ ಪದರ ಕಟ್ಟುತ್ತದೆ. ಕರಗಿದ ಲವಣವನ್ನು ಬಟ್ಟೆಯಾಗಲಿ ಸಾಮಾನ್ಯ ಫಿಲ್ಟರಾಗಲಿ ತೆಗೆಯಲಾರದು, ಆರ್.ಓ. ತೆಗೆಯುತ್ತದೆ. ಆದರೆ ಒಂದು ಲೀಟರ್ ಕೊಡಲು ಅದು ಎರಡು ಮೂರು ಲೀಟರ್ ಹೊರಗೆ ಚೆಲ್ಲುವುದುಂಟು. ಮನೆಯಲ್ಲಾದರೆ ಆ ನೀರನ್ನು ಗಿಡಕ್ಕೆ ಹಾಕಬಹುದು, ವಾಹನದಲ್ಲಿ ಹೊತ್ತೊಯ್ದ ನೀರನ್ನು ಚೆಲ್ಲುವುದು ವ್ಯಾಪಾರಿಯ ಲೆಕ್ಕಕ್ಕೂ ಸರಿಹೋಗದು, ಧರ್ಮಕ್ಕೂ ಸರಿಹೋಗದು. ಅದಕ್ಕಿಂತ ಒಳ್ಳೆಯ ನೀರನ್ನೇ ತುಂಬಿಸಿಕೊಳ್ಳುವುದು ಮೇಲು. ನಾವು ಕೊಯಮತ್ತೂರಿನ ನೆಂಟರ ಮನೆಯಲ್ಲಿ ಸಿರುವಾಣಿ ನೀರು ತುಂಬಿಸುತ್ತೇವೆ. ದಾರಿಯಲ್ಲಿ ಪೆನ್ನಿನಂಥ ಟಿ.ಡಿ.ಎಸ್. ಮೀಟರ್ ಅದ್ದಿ ನೋಡುತ್ತೇವೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಮಿನವರೆಗೆ ಚಿಂತೆಯಿಲ್ಲ. ಈ ಮೀಟರ್ ಲವಣವನ್ನು ಮಾತ್ರ ತೋರಿಸುತ್ತದೆ, ರೋಗಾಣುಗಳನ್ನಲ್ಲ, ಎಂಬುದನ್ನು ಮರೆಯಬಾರದು.

ಉಳಿದದ್ದು ಯು.ವಿ. ಮತ್ತು ಯು.ಎಫ್. ಯು.ವಿ. ದೀಪದ ಬೆಳಕು ರೋಗಾಣುಗಳನ್ನು ನಾಶಮಾಡುತ್ತದೆ, ಆದರೆ ನೀರು ತಿಳಿಯಾಗಿರಬೇಕು, ವಿದ್ಯುತ್ ಬೇಕು, ಕುಲುಕಾಟದಲ್ಲಿ ಗಾಜಿನ ದೀಪ ಒಡೆಯುವ ಭಯವಿದೆ. ಯು.ಎಫ್. ಎಂದರೆ ಅತಿ ಸೂಕ್ಷ್ಮ ರಂಧ್ರಗಳ ಪೊರೆ. ಅದು ರೋಗಾಣುಗಳನ್ನು ತಡೆಯುತ್ತದೆ, ನೀರಿನ ಒತ್ತಡವೊಂದಿದ್ದರೆ ಸಾಕು. ವೈರಸ್ಸಿನಷ್ಟು ಸಣ್ಣವುಗಳ ವಿಷಯದಲ್ಲಿ ಮಾತ್ರ ಅದನ್ನೇ ಪೂರ್ತಿ ನಂಬುವಂತಿಲ್ಲ. ನಾವು ಯು.ಎಫ್. ಹಾಕಿಸಿ, ಕುಡಿಯುವ ನೀರನ್ನು ಕಾಯಿಸಿಯೂ ಕಾಯಿಸುತ್ತೇವೆ. ನೀರು ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು, ಉದಕಮಂಡಲದಂಥ ಎತ್ತರದ ಊರಿನಲ್ಲಿ ಮೂರು ನಿಮಿಷ.

ಜೋಡಿಸುವ ಕ್ರಮ ಹೀಗೆ. ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ 5 ಲೀಟರ್ ಎಂದರೆ ಹತ್ತು ಜನರಿಗೆ ಎರಡು ದಿನಕ್ಕೆ 100 ಲೀಟರ್. ಅದು 100 ಕಿಲೋ ಭಾರ. ಆದ್ದರಿಂದ ಆಹಾರಕ್ಕೆ ಯೋಗ್ಯವಾದ ಟ್ಯಾಂಕನ್ನು ವಾಹನದ ತಳಭಾಗದಲ್ಲಿ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಪಟ್ಟಿಯಿಂದ ಬಿಗಿಯಬೇಕು. ಮೇಲ್ಛಾವಣಿಯ ಮೇಲೆ ಇಟ್ಟರೆ ಘಾಟಿಯ ತಿರುವಿನಲ್ಲಿ ವಾಹನ ವಾಲುತ್ತದೆ. ಟ್ಯಾಂಕಿನಿಂದ 12 ವೋಲ್ಟಿನ ಪಂಪು, ಅದರ ಮುಂದೆ 5 ಮೈಕ್ರಾನಿನ ಕೆಸರು ಫಿಲ್ಟರ್, ಆಮೇಲೆ ಕಾರ್ಬನ್, ಕೊನೆಗೆ ಯು.ಎಫ್., ಕುಡಿಯುವ ನೀರಿಗೆ ಬೇರೆ ನಲ್ಲಿ. ಕಾರ್ಬನ್ನನ್ನು ಟ್ಯಾಂಕಿನ ಮೊದಲು ಹಾಕಬಾರದು. ಅದು ನಗರದ ನೀರಿನ ಕ್ಲೋರಿನನ್ನು ತೆಗೆದುಬಿಡುವುದರಿಂದ ಟ್ಯಾಂಕಿನಲ್ಲಿ ನಿಂತ ನೀರು ಬೇಗ ಕೆಡುತ್ತದೆ. ಫಿಲ್ಟರುಗಳನ್ನು ನೆಟ್ಟಗೆ ನಿಲ್ಲಿಸಿ, ರಬ್ಬರ್ ವಾಷರ್ ಕೊಟ್ಟು ಬಿಗಿದು, ಕೆಳಗೆ ಬಟ್ಟಲು ತಿರುಗಿಸಿ ತೆಗೆಯಲು ಜಾಗ ಬಿಡಬೇಕು. ಗಡಸು ಪೈಪಿಗಿಂತ ಬಾಗುವ ಪೈಪು ಒಳ್ಳೆಯದು. ಪಂಪಿನ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಮೊದಲ 50 ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಜೋಡಣೆಗಳನ್ನೂ ಕೈಯಿಂದ ಮುಟ್ಟಿ ನೋಡಬೇಕು. ವಾಹನದ ಮೂಲ ರಚನೆ ಬದಲಾಗುವಂತಿದ್ದರೆ ಆರ್.ಟಿ.ಓ. ಕಚೇರಿಯ ಅನುಮತಿ ಪಡೆಯತಕ್ಕದ್ದು.

ಯಾತ್ರೆ ಮುಗಿದೊಡನೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಒಣಗಿಸಬೇಕು. ನಿಂತ ನೀರಿನಲ್ಲಿ ಲೋಳೆ ಕಟ್ಟಿ ಜೀವೋತ್ಪತ್ತಿಯಾಗುತ್ತದೆ. ಅದು ಹಿಂಸೆಗೂ ಕಾರಣ, ರೋಗಕ್ಕೂ ಕಾರಣ. ಕಾರ್ಟ್ರಿಜ್ ಹಾಕಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟು, ಕಂಪನಿ ಹೇಳಿದ ಅವಧಿಗೆ ಬದಲಿಸಬೇಕು. ಯು.ಎಫ್. ಪೊರೆಯನ್ನು ಒಣಗಲು ಬಿಡಬೇಕೋ ಬೇಡವೋ ಎಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಅಕ್ಕನವರಿಗಾಗಿ ತಂಗಿದ ಕಡೆ ವಾಹನ ನಿಲ್ಲಿಸಿ, ನಲ್ಲಿಯ ನೀರನ್ನು ಮತ್ತೊಮ್ಮೆ ಬಟ್ಟೆಯಲ್ಲಿ ಗಾಳಿಸಿ ಆಗಲೇ ಕಾಯಿಸುತ್ತೇವೆ. ಗಾಳಿಸಿದ ನೀರಿಗೆ ಎರಡು ಗಳಿಗೆ, ಅಂದರೆ 48 ನಿಮಿಷದ ಮರ್ಯಾದೆ. ಕುದಿಸಿದ ನೀರಿಗೆ 24 ಗಂಟೆ. ಫ್ಲಾಸ್ಕಿನ ಮೇಲೆ ಕಾಯಿಸಿದ ಹೊತ್ತನ್ನು ಬರೆದ ಚೀಟಿ ಅಂಟಿಸುವುದು ಮೊಮ್ಮಕ್ಕಳ ಕೆಲಸ. ಈಗ ಅಕ್ಕ ಯಾತ್ರೆಗೆ ಒಲ್ಲೆನೆನ್ನುವುದಿಲ್ಲ.

ಕೊನೆಯದಾಗಿ ಮುಖ್ಯವಾದ ಮಾತು. ಟ್ಯಾಂಕು ತುಂಬಿಸುವ ಸ್ಥಳದಲ್ಲಿಯೇ ಬಟ್ಟೆಯಲ್ಲಿ ಗಾಳಿಸಿ, ಜೀವಾಣಿಯನ್ನು ಅಲ್ಲಿಯ ಬಾವಿಗೋ ಕೆರೆಗೋ ಬಿಟ್ಟೇ ಹೊರಡಬೇಕು. ಒಂದು ಊರಿನ ನೀರಿನ ಜೀವಗಳನ್ನು ಇನ್ನೊಂದು ಊರಿಗೆ ಹೊತ್ತೊಯ್ದರೆ ಗಾಳಿಸಿದ ಫಲವಿಲ್ಲ. ಇದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಚಾಲಕನಿಗೆ ಮೊದಲೇ ತಿಳಿಸಿ, ಆ ಹೊತ್ತನ್ನು ಪ್ರಯಾಣದ ಲೆಕ್ಕದಲ್ಲಿ ಸೇರಿಸಿಕೊಳ್ಳಿರಿ.