ಮೆಚ್ಚಿದ ಪತ್ರಿಕೆಯಲ್ಲಿ ಲೇಖನ ಪ್ರಕಟಣೆ

ಬಹುಕಾಲದಿಂದ ಆದರಪೂರ್ವಕವಾಗಿ ಓದುತ್ತ ಬಂದ ಪತ್ರಿಕೆಯಲ್ಲಿ ತನ್ನದೊಂದು ಲೇಖನವೂ ಅಚ್ಚಾಗಬೇಕೆಂಬ ಹಂಬಲವು ವ್ಯಾಸಂಗಶೀಲರಾದವರಿಗೆ ಸಹಜವಾದುದು. ಇದು ಕೇವಲ ಕೀರ್ತಿಕಾಮನೆಯಲ್ಲ. ಓದುಗನಾಗಿ ಪಡೆದ ಋಣವನ್ನು ಬರಹಗಾರನಾಗಿ ತೀರಿಸುವ ಬಗೆಯೂ ಹೌದು. ಆದರೆ ಹಂಬಲ ಮಾತ್ರದಿಂದಲೇ ಕಾರ್ಯಸಿದ್ಧಿಯಾಗದು.

ಪತ್ರಿಕೆಯ ಸ್ವಭಾವವನ್ನು ಅರಿಯುವುದೇ ಮೊದಲ ಮೆಟ್ಟಿಲು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ ‘ಪ್ರಬುದ್ಧ ಕರ್ಣಾಟಕ’ವು ವಿದ್ವತ್ತಿಗೂ ಸೃಜನಸಾಹಿತ್ಯಕ್ಕೂ ಆಶ್ರಯವಾಯಿತು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ‘ಕಸ್ತೂರಿ’ಯು ವಿವಿಧ ಜ್ಞಾನವನ್ನು ಸಾಮಾನ್ಯ ಓದುಗರ ಮನೆಬಾಗಿಲಿಗೆ ತಂದಿತು. ಒಂದಕ್ಕೆ ಒಪ್ಪುವ ಲೇಖನವು ಇನ್ನೊಂದಕ್ಕೆ ಒಪ್ಪಲೇಬೇಕೆಂದಿಲ್ಲ. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನ ಮಾತು ಲೇಖನಕ್ಕೂ ಸಲ್ಲುತ್ತದೆ.

ಸ್ವಭಾವವನ್ನು ಅರಿಯುವುದೆಂದರೆ ಅನುಕರಿಸುವುದೆಂದು ಅರ್ಥವಲ್ಲ. ಮೆಚ್ಚಿದವರ ಶೈಲಿಯ ನೆರಳಿನಲ್ಲಿಯೇ ನಿಂತವನ ಬರಹದಿಂದ ಸಂಪಾದಕನಿಗೆ ಹೊಸದೇನೂ ದೊರೆಯದು. ಅವನು ಬಯಸುವುದು ಬೇರೆಯವರಲ್ಲಿಲ್ಲದ ಸಾಮಗ್ರಿಯನ್ನು. ಪಾ. ವೆಂ. ಆಚಾರ್ಯರು ‘ಪದಾರ್ಥ ಚಿಂತಾಮಣಿ’ಯಲ್ಲಿ ಒಂದೊಂದು ಶಬ್ದದ ಜಾಡು ಹಿಡಿದು ಬರೆದಾಗ, ಬಳಕೆಯ ಮಾತುಗಳೇ ಓದುಗರಿಗೆ ವಿಸ್ಮಯವನ್ನುಂಟುಮಾಡಿದವು.

ಇಂತಹ ಸಾಮಗ್ರಿಯು ಗ್ರಾಮಾಂತರದ ಉಪಾಧ್ಯಾಯರಲ್ಲಿ ಹೇರಳವಾಗಿದೆ. ನೇಗಿಲು ಮೂಲೆ ಸೇರಿ ಟ್ರ್ಯಾಕ್ಟರು ಹೊಲಕ್ಕಿಳಿದ ಮೇಲೆ ಮೇಣಿ, ಕುಳ, ಮಿಣಿ, ಕೂರಿಗೆ ಎಂಬ ಮಾತುಗಳು ಮಕ್ಕಳ ಕಿವಿಗೆ ಬೀಳುವುದು ವಿರಳವಾಗಿದೆ. ಹೆಸರುಗಳು ನಿಘಂಟಿನಲ್ಲಿ ಉಳಿದಾವು. ಆದರೆ ಯಾವ ಊರಿನವರು ಯಾವ ಭಾಗವನ್ನು ಏನೆಂದು ಕರೆಯುತ್ತಿದ್ದರು, ಅದನ್ನು ಹೇಗೆ ಹೂಡುತ್ತಿದ್ದರು ಎಂಬುದು ಬಲ್ಲ ಹಿರಿಯರೊಡನೆಯೇ ಅಳಿದುಹೋಗುತ್ತದೆ. ಅದನ್ನು ಕೇಳಿ ಬರೆದಿಟ್ಟ ನಾಲ್ಕು ಪುಟಗಳು ಪರರ ಗ್ರಂಥಗಳಿಂದ ಆಯ್ದ ನಲವತ್ತು ಪುಟಗಳಿಗಿಂತ ಮೇಲು.

ಬರೆದುದನ್ನು ಕೆಲವು ದಿನ ಬದಿಗಿರಿಸಿ ಮತ್ತೆ ಓದಬೇಕು. ಬೇಡದ ಪೀಠಿಕೆಯನ್ನು ತೆಗೆಯಬೇಕು. ಕೇಳಿದ ಊರನ್ನೂ ವರ್ಷವನ್ನೂ ನಮೂದಿಸಬೇಕು. ಹಿಂದೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಜೊತೆಗಿಡುತ್ತಿದ್ದರು. ಇಂದು ಮಿಂಚಂಚೆಯಲ್ಲಿ ಕಳುಹಿಸುವುದು ರೂಢಿ. ಸಾಧನ ಬದಲಾದರೂ ಶ್ರದ್ಧೆಯ ಅಗತ್ಯ ಬದಲಾಗಿಲ್ಲ. ಲೇಖನವು ಮರಳಿ ಬಂದರೆ ತಿದ್ದಿ ಮತ್ತೊಂದು ಪತ್ರಿಕೆಗೆ ಕಳುಹಿಸಬೇಕು. ಸ್ಥಳಾಭಾವದಿಂದಲೂ ಒಳ್ಳೆಯ ಬರಹ ಹಿಂದಿರುಗುವುದುಂಟು.

ಅಚ್ಚಾದ ಹೆಸರು ಲೇಖಕನಿಗೆ ಸಂತೋಷವನ್ನು ಕೊಡುತ್ತದೆ; ಅಚ್ಚಾದ ವಿಷಯವು ನಾಡಿಗೆ ಉಳಿಯುತ್ತದೆ. ನಮ್ಮ ಉಪಾಧ್ಯಾಯ ಮಿತ್ರರೂ ಹಿರಿಯ ವಿದ್ಯಾರ್ಥಿಗಳೂ ಈ ಎರಡನೆಯದನ್ನು ಮನಸ್ಸಿನಲ್ಲಿಟ್ಟು ಲೇಖನಿಯನ್ನು ಕೈಗೆತ್ತಿಕೊಳ್ಳಲೆಂದು ವಿಜ್ಞಾಪಿಸುತ್ತೇನೆ.